ಮೈತ್ರಿಯ ಹುಟ್ಟಲಿರುವ ಮಗ: ಪರೀಕ್ಷೆಯ ತರ್ಕಪ್ರಶ್ನೆಯೂ ಜೈನ ನ್ಯಾಯದ ಹೇತುಲಕ್ಷಣವೂ

ಕನ್ನಡದ ಆಡುಮಾತಿನಲ್ಲಿ ‘ಅನುಮಾನ’ವೆಂದರೆ ಸಂಶಯ. ‘ಅವನು ಬರುವುದು ಅನುಮಾನ’ ಎಂದಾಗ ನಿಶ್ಚಯವಿಲ್ಲ ಎಂಬುದೇ ಆ ಮಾತಿನ ತಾತ್ಪರ್ಯ. ಶಾಸ್ತ್ರದ ಅನುಮಾನ ಇದಕ್ಕೆ ನೇರ ವಿರುದ್ಧವಾದುದು. ಅದು ಪ್ರಮಾಣ, ಅಂದರೆ ಸಂಶಯವನ್ನು ಕಳೆಯುವ ಜ್ಞಾನ. ಒಂದೇ ಶಬ್ದ ಶಾಸ್ತ್ರದಿಂದ ಬೀದಿಗೆ ಇಳಿಯುವಷ್ಟರಲ್ಲಿ ನಿಶ್ಚಯದಿಂದ ಅನಿಶ್ಚಯಕ್ಕೆ ಜಾರಿದೆ. ಶಬ್ದಾರ್ಥದ ಈ ಜಾರುವಿಕೆ ಭಾಷಾಶಾಸ್ತ್ರದ ಒಂದು ಕುತೂಹಲವಾಗಿ ಉಳಿದಿದ್ದರೆ ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ ಅಧ್ಯಾಪಕ ವೃತ್ತಿಯ ಅರ್ಹತಾ ಪರೀಕ್ಷೆಗೆ ಕುಳಿತ ಸಾಹಿತ್ಯದ ವಿದ್ಯಾರ್ಥಿಗಳು ತರ್ಕದ ಪ್ರಶ್ನೆಗಳನ್ನು ಬಿಡಿಸುವಾಗಲೂ, ಮುಂದೆ ಅವರೇ ಸಂಶೋಧಕರಾಗಿ ಕವಿಕಾಲವನ್ನು ನಿರ್ಣಯಿಸುವಾಗಲೂ ಎರಡನೆಯ ಅರ್ಥದ ಅನುಮಾನವನ್ನೇ ಮೊದಲನೆಯದೆಂದು ಭಾವಿಸಿ ಮುಂದೆ ಸಾಗುವುದು ಹೆಚ್ಚು.

ಯು.ಜಿ.ಸಿ. ನೆಟ್ ಪರೀಕ್ಷೆಯ ಮೊದಲ ಪತ್ರಿಕೆ ಎಲ್ಲ ವಿಷಯದವರಿಗೂ ಸಮಾನವಾದುದು: 50 ಪ್ರಶ್ನೆಗಳು, 100 ಅಂಕಗಳು. 2019ರ ಜೂನ್‌ನಿಂದ ಜಾರಿಯಲ್ಲಿರುವ ಪಠ್ಯಕ್ರಮದಲ್ಲಿ ಹತ್ತು ಘಟಕಗಳಿದ್ದು ಆರನೆಯದು ತಾರ್ಕಿಕ ವಿಚಾರಕ್ಕೆ ಮೀಸಲಾಗಿದೆ. ಆ ಘಟಕದ ಮೊದಲರ್ಧದಲ್ಲಿ ವಾದದ ರಚನೆ, ಹೇಳಿಕೆಗಳ ಪ್ರಕಾರಗಳು, ವಿರೋಧಚೌಕ, ವೆನ್ ಚಿತ್ರಗಳು ಬರುತ್ತವೆ; ಉತ್ತರಾರ್ಧದಲ್ಲಿ ಭಾರತೀಯ ತರ್ಕ, ಅಂದರೆ ಆರು ಪ್ರಮಾಣಗಳು, ಅನುಮಾನದ ರಚನೆ ಮತ್ತು ಪ್ರಭೇದಗಳು, ವ್ಯಾಪ್ತಿ, ಹೇತ್ವಾಭಾಸಗಳು. ಈ ಎರಡು ಭಾಗಗಳನ್ನು ಒಂದೇ ಘಟಕದೊಳಗೆ ತಂದದ್ದು ಒಳ್ಳೆಯ ಕೆಲಸವೇ. ಆದರೆ ಮಾರ್ಗದರ್ಶಿ ಪುಸ್ತಕಗಳಲ್ಲಿ ಇವು ಒಂದೇ ಮನೆಯಲ್ಲಿದ್ದೂ ಮಾತುಬಿಟ್ಟ ದಾಯಾದಿಗಳಂತೆ ಇವೆ. ಮೊದಲರ್ಧವೆಂದರೆ ವೃತ್ತ ಬರೆಯುವ ಅಭ್ಯಾಸ, ಉತ್ತರಾರ್ಧವೆಂದರೆ ಬಾಯಿಪಾಠ. ಹೇತ್ವಾಭಾಸಗಳ ಹೆಸರುಗಳನ್ನು ಸರಾಗವಾಗಿ ಒಪ್ಪಿಸುವ ವಿದ್ಯಾರ್ಥಿ ಎದುರಿಗಿನ ಪ್ರಶ್ನೆಯಲ್ಲೇ ಅಂಥ ಒಂದು ಆಭಾಸಕ್ಕೆ ಬಲಿಬಿದ್ದರೂ ಅದು ಅವನ ಗಮನಕ್ಕೆ ಬರುವುದಿಲ್ಲ.

ಒಂದು ಮಾದರಿ ಪ್ರಶ್ನೆಯನ್ನು ನೋಡಬಹುದು. ಎರಡು ಹೇಳಿಕೆಗಳಿವೆ: ಎಲ್ಲ ಬಸದಿಗಳೂ ಕಲ್ಲಿನ ಕಟ್ಟಡಗಳು, ಕೆಲವು ಕಲ್ಲಿನ ಕಟ್ಟಡಗಳು ಹೊಯ್ಸಳರ ಕಾಲದವು. ಇವುಗಳಿಂದ ‘ಕೆಲವು ಬಸದಿಗಳು ಹೊಯ್ಸಳರ ಕಾಲದವು’ ಎಂಬ ತೀರ್ಮಾನ ಫಲಿಸುತ್ತದೆಯೇ? ಕನ್ನಡ ಸಾಹಿತ್ಯವನ್ನೋ ಕರ್ನಾಟಕದ ಇತಿಹಾಸವನ್ನೋ ಓದಿದವನಿಗೆ ಹಳೆಬೀಡಿನ ಪಾರ್ಶ್ವನಾಥ ಬಸದಿ ಕಣ್ಣೆದುರಿಗೆ ನಿಲ್ಲುತ್ತದೆ. ಫಲಿಸುತ್ತದೆ ಎಂದು ಗುರುತು ಹಾಕಿಬಿಡುತ್ತಾನೆ. ಉತ್ತರ ತಪ್ಪು. ತೀರ್ಮಾನ ಲೋಕದಲ್ಲಿ ಸತ್ಯ. ಆದರೆ ಕೊಟ್ಟಿರುವ ಎರಡು ಹೇಳಿಕೆಗಳಿಂದ ಅದು ಹುಟ್ಟಿದ್ದಲ್ಲ. ಹೊಯ್ಸಳರ ಕಾಲದ ಕಲ್ಲಿನ ಕಟ್ಟಡಗಳೆಲ್ಲವೂ ಶಿವಾಲಯಗಳೇ ಆಗಿದ್ದರೂ ಆ ಎರಡು ಹೇಳಿಕೆಗಳು ಸುಳ್ಳಾಗುತ್ತಿರಲಿಲ್ಲ. ಬಸದಿಯನ್ನು ಹೊಯ್ಸಳರ ಕಾಲಕ್ಕೆ ಕಟ್ಟಿಹಾಕುವ ಹಗ್ಗ ಹೇಳಿಕೆಗಳಲ್ಲಿಲ್ಲ, ಓದುಗನ ನೆನಪಿನಲ್ಲಿದೆ. ಇತಿಹಾಸವನ್ನೇ ಓದದವನು ಇಲ್ಲಿ ಸರಿಯುತ್ತರ ಕೊಡುವ ಸಂಭವವೇ ಹೆಚ್ಚು.

ಸಾಹಿತ್ಯದ ವಿದ್ಯಾರ್ಥಿಗೆ ಈ ತಪ್ಪು ಬೇಗ ಅಂಟಿಕೊಳ್ಳುವುದಕ್ಕೆ ಒಂದು ವಿಶೇಷ ಕಾರಣವಿದೆ. ಅವನ ಶಿಕ್ಷಣವೆಲ್ಲ ಹೇಳಿದ್ದನ್ನು ದಾಟಿ ಹೇಳದೆ ಉಳಿದುದನ್ನು ಹಿಡಿಯುವ ಶಿಕ್ಷಣ. ವಾಚ್ಯದಲ್ಲಿ ನಿಂತವನು ಅರಸಿಕ, ವ್ಯಂಗ್ಯಕ್ಕೆ ಹೋದವನು ಸಹೃದಯ ಎಂದೇ ಅವನಿಗೆ ಕಲಿಸಲಾಗಿದೆ. ಈ ಎರಡು ವ್ಯಾಪಾರಗಳ ಗಡಿಯ ಕುರಿತು ಅಲಂಕಾರಶಾಸ್ತ್ರದಲ್ಲೇ ಒಂದು ದೊಡ್ಡ ಜಗಳ ನಡೆದಿದೆ. ಧ್ವನಿಯೆಂಬ ಬೇರೆ ವ್ಯಾಪಾರವೇ ಬೇಡ, ಅದೆಲ್ಲ ಅನುಮಾನದಲ್ಲೇ ಅಡಗುತ್ತದೆ ಎಂದು ವ್ಯಕ್ತಿವಿವೇಕದ ಮಹಿಮಭಟ್ಟ ವಾದಿಸಿದ. ಕಾವ್ಯಪ್ರಕಾಶದಲ್ಲಿ ಮಮ್ಮಟ ಕೊಟ್ಟ ಉತ್ತರ ಇಂದಿನ ಪರೀಕ್ಷಾರ್ಥಿಗೂ ಸಲ್ಲುವಂಥದು: ಕಾವ್ಯದಲ್ಲಿ ವ್ಯಂಗ್ಯಾರ್ಥವನ್ನು ಸೂಚಿಸುವ ಸಂಗತಿಗಳನ್ನು ಹೇತುಗಳೆಂದು ಇಟ್ಟು ನೋಡಿದರೆ ಅವು ಅನೈಕಾಂತಿಕವಾಗುತ್ತವೆ; ಅವುಗಳಿಂದ ಆ ಅರ್ಥ ತೋರಬಹುದು, ಆದರೆ ಅದೇ ಆಗಬೇಕೆಂಬ ನಿಯಮವಿಲ್ಲ. ಕಾವ್ಯಕ್ಕೆ ಅಷ್ಟು ಸಾಕು, ಅನುಮಾನಕ್ಕೆ ಸಾಲದು. ಮಮ್ಮಟನನ್ನು ಪಠ್ಯವಾಗಿ ಓದಿದವರು ತರ್ಕದ ಪ್ರಶ್ನೆಯ ಮುಂದೆ ಅವನನ್ನು ಮರೆಯುವುದು ವಿಚಿತ್ರ.

ಹಾಗಾದರೆ ಅನುಮಾನಕ್ಕೆ ಏನು ಬೇಕು? ಈ ಪ್ರಶ್ನೆಗೆ ಜೈನ ತಾರ್ಕಿಕರು ಕೊಟ್ಟ ಉತ್ತರ ಪಠ್ಯಕ್ರಮದ ಎರಡು ಭಾಗಗಳನ್ನೂ ಒಂದು ಮಾಡಬಲ್ಲದು. ಅದನ್ನು ತಿಳಿಯಲು ಅವರು ಯಾರಿಗೆ ಎದುರಾಗಿ ನುಡಿದರೆಂಬುದನ್ನು ಮೊದಲು ನೋಡಬೇಕು. ದಿಙ್ನಾಗನ ಪರಂಪರೆಯ ಬೌದ್ಧರು ಸದ್ಧೇತುವಿಗೆ ಮೂರು ರೂಪಗಳಿರಬೇಕೆಂದರು. ಹೇತು ಪಕ್ಷದಲ್ಲಿರಬೇಕು, ಸಪಕ್ಷದಲ್ಲಿರಬೇಕು, ವಿಪಕ್ಷದಲ್ಲಿ ಇರಬಾರದು. ಬೆಟ್ಟದಲ್ಲಿ ಹೊಗೆಯಿದೆ, ಬೆಂಕಿಯಿರುವ ಅಡುಗೆಮನೆಯಲ್ಲೂ ಇದೆ, ಬೆಂಕಿಯಿಲ್ಲದ ಮಡುವಿನಲ್ಲಿ ಇಲ್ಲ. ಆದ್ದರಿಂದ ಬೆಟ್ಟದಲ್ಲಿ ಬೆಂಕಿ. ನೈಯಾಯಿಕರು ಇನ್ನೆರಡನ್ನು ಸೇರಿಸಿ ಐದು ರೂಪಗಳನ್ನು ಹೇಳಿದರು. ಜೈನರಲ್ಲಿ ಪಾತ್ರಸ್ವಾಮಿ ಎಂದೂ ಪಾತ್ರಕೇಸರಿ ಎಂದೂ ಪ್ರಸಿದ್ಧನಾದ ಆಚಾರ್ಯ ಈ ಎಣಿಕೆಯನ್ನೇ ಪ್ರಶ್ನಿಸಿದ. ಅವನ ‘ತ್ರಿಲಕ್ಷಣಕದರ್ಥನ’ ಇಂದು ಉಪಲಬ್ಧವಿಲ್ಲ. ಆದರೆ ಅವನದೆಂದು ಪರಂಪರೆ ಹೇಳುವ ಒಂದು ಕಾರಿಕೆ ಅಕಲಂಕನ ನ್ಯಾಯವಿನಿಶ್ಚಯದಲ್ಲೂ ಮುಂದಿನ ಅನೇಕ ಗ್ರಂಥಗಳಲ್ಲೂ ಸೇರಿ ಉಳಿದಿದೆ. ಅದರ ಅಭಿಪ್ರಾಯ ಸರಳ: ‘ಅನ್ಯಥಾ ಅನುಪಪನ್ನತ್ವ’, ಅಂದರೆ ಸಾಧ್ಯವಿಲ್ಲದೆ ಹೇತು ಇರಲಾರದೆಂಬ ಗುಣ, ಇದ್ದಲ್ಲಿ ಮೂರರ ಅಗತ್ಯವಿಲ್ಲ; ಅದು ಇಲ್ಲದಲ್ಲಿ ಮೂರೂ ಇದ್ದು ಪ್ರಯೋಜನವಿಲ್ಲ.

ಈ ಕಾರಿಕೆಯನ್ನು ಪದ್ಮಾವತೀದೇವಿಯೇ ಪಾರ್ಶ್ವನಾಥ ಬಿಂಬದ ಹೆಡೆಯ ಮೇಲೆ ಬರೆದು ಆಚಾರ್ಯನ ಸಂಶಯವನ್ನು ಕಳೆದಳೆಂದು ಕಥೆಗಳು ಹೇಳುತ್ತವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಪಾರ್ಶ್ವನಾಥ ಬಸದಿಯಲ್ಲಿರುವ ಶಕ 1050ರ ಮಲ್ಲಿಷೇಣ ಪ್ರಶಸ್ತಿಯಲ್ಲೂ ತ್ರಿಲಕ್ಷಣವನ್ನು ಖಂಡಿಸಲು ಪದ್ಮಾವತಿ ಪಾತ್ರಕೇಸರಿಗೆ ನೆರವಾದ ಮಾತು ಬರುತ್ತದೆ. ಹೇತುವಿನ ಲಕ್ಷಣವೆಂಬ ಒಣ ವಿಷಯಕ್ಕೆ ಒಂದು ಪರಂಪರೆ ದೇವಿಯ ಸಾಕ್ಷ್ಯವನ್ನು ಕರೆತಂದಿದೆಯೆಂದರೆ ಆ ಲಕ್ಷಣ ಅವರಿಗೆ ಎಷ್ಟು ಮುಖ್ಯವಾಗಿತ್ತೆಂದು ಊಹಿಸಬಹುದು.

ಮೂರು ರೂಪಗಳಿದ್ದೂ ಹೇತು ಕೆಡುವುದಕ್ಕೆ ಶಾಸ್ತ್ರಗಳಲ್ಲಿ ಸವೆದುಹೋದ ಒಂದು ಉದಾಹರಣೆಯಿದೆ. ಮೈತ್ರಿಯೆಂಬವಳಿಗೆ ಹಲವು ಮಕ್ಕಳು, ಎಲ್ಲರೂ ಕಪ್ಪು. ಅವಳೀಗ ಗರ್ಭಿಣಿ. ಹುಟ್ಟಲಿರುವ ಮಗನೂ ಕಪ್ಪೇ, ಏಕೆಂದರೆ ಅವನು ಮೈತ್ರಿಯ ಮಗ, ಉಳಿದ ಮಕ್ಕಳಂತೆ. ಹೇತು ಪಕ್ಷದಲ್ಲಿದೆ: ಗರ್ಭದಲ್ಲಿರುವವನು ಅವಳ ಮಗನೇ. ಸಪಕ್ಷದಲ್ಲಿದೆ: ಉಳಿದವರೂ ಅವಳ ಮಕ್ಕಳು, ಕಪ್ಪಗಿದ್ದಾರೆ. ವಿಪಕ್ಷದಲ್ಲಿಲ್ಲ: ಬಿಳಿಯ ಬಣ್ಣದವರಲ್ಲಿ ಮೈತ್ರಿಯ ಮಗ ಯಾರೂ ಕಂಡಿಲ್ಲ. ಮೂರೂ ಕೂಡಿಬಂದವು, ಆದರೂ ತೀರ್ಮಾನ ನಿಲ್ಲದು. ಹುಟ್ಟುವವನು ಬೆಳ್ಳಗಿದ್ದರೆ ಯಾವ ವಿರೋಧವೂ ಬರುವುದಿಲ್ಲ. ನೈಯಾಯಿಕರು ಇಲ್ಲಿ ಉಪಾಧಿಯನ್ನು ತೋರಿಸಿದರು: ಮಕ್ಕಳ ಕಪ್ಪಿಗೆ ಕಾರಣ ತಾಯಿ ತಿಂದ ಸೊಪ್ಪುಸದೆ, ಅವಳ ಮಕ್ಕಳಾಗಿರುವುದಲ್ಲ. ಜೈನರು ಕಾರಣವನ್ನು ಹುಡುಕುವ ಗೋಜಿಗೇ ಹೋಗದೆ ಒಂದೇ ಮಾತಿನಲ್ಲಿ ಮುಗಿಸಿದರು: ಬೇರೆ ರೀತಿ ಆಗಬಹುದಾದ್ದರಿಂದ ಇದು ಹೇತುವೇ ಅಲ್ಲ.

ಇದರ ಮರುಮುಖವೂ ಇದೆ. ಕೃತ್ತಿಕೆ ಉದಯಿಸಿದೆ, ಆದ್ದರಿಂದ ಮುಂದೆ ರೋಹಿಣಿ ಉದಯಿಸುತ್ತದೆ. ಕೃತ್ತಿಕೆಯ ಉದಯ ರೋಹಿಣಿಯಲ್ಲಿ ಇರುವ ಧರ್ಮವಲ್ಲ. ಆದ್ದರಿಂದ ಪಕ್ಷಧರ್ಮತ್ವವೆಂಬ ಮೊದಲ ರೂಪವೇ ಇಲ್ಲಿಲ್ಲ. ಆದರೂ ಅನುಮಾನ ಅಚಲವಾಗಿದೆ. ಕಾಲವನ್ನೋ ಆಕಾಶವನ್ನೋ ಪಕ್ಷವೆಂದು ಕಲ್ಪಿಸಿಕೊಂಡರೆ ಮೊದಲ ರೂಪವೂ ಸಿಗುತ್ತದಲ್ಲ ಎಂದು ಎದುರಾಳಿ ಹೇಳಿದರೆ, ಹಾಗೆ ಪಕ್ಷವನ್ನು ಹಿಗ್ಗಿಸುತ್ತ ಹೋದರೆ ಅಡುಗೆಮನೆಯ ಹೊಗೆಯಿಂದ ಸಮುದ್ರದಲ್ಲೂ ಬೆಂಕಿಯನ್ನು ಸಾಧಿಸಬೇಕಾದೀತು ಎಂಬುದು ಜೈನ ತಾರ್ಕಿಕರ ಮರುನುಡಿ.

ಈ ಎರಡು ಉದಾಹರಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಪರೀಕ್ಷೆಯ ಪ್ರಶ್ನೆ ಕೇಳುತ್ತಿರುವುದೇನೆಂಬುದು ಬೇರೆ ಪಾಠವಿಲ್ಲದೆ ಹೊಳೆಯಬೇಕು. ಹೇಳಿಕೆಗಳಿಗೂ ತೀರ್ಮಾನಕ್ಕೂ ಎಷ್ಟು ಹೊಂದಿಕೆಯಿದೆ ಎಂದು ಅದು ಕೇಳುವುದಿಲ್ಲ. ತೀರ್ಮಾನಕ್ಕೆ ಉದಾಹರಣೆಗಳು ಸಿಗುತ್ತವೆಯೇ ಎಂದೂ ಕೇಳುವುದಿಲ್ಲ. ತೀರ್ಮಾನ ಸುಳ್ಳಾಗಿದ್ದರೂ ಹೇಳಿಕೆಗಳು ನಿಜವಾಗಿ ಉಳಿಯಬಲ್ಲವೇ ಎಂಬುದೊಂದೇ ಅದರ ಪ್ರಶ್ನೆ. ಉಳಿಯಬಲ್ಲವಾದರೆ ತೀರ್ಮಾನ ಫಲಿಸಿಲ್ಲ. ಬಸದಿಯ ಪ್ರಶ್ನೆಯಲ್ಲಿ ಹಳೆಬೀಡನ್ನು ನೆನೆದವನು ಮಾಡಿದ್ದು ಸಪಕ್ಷದ ಶೋಧ. ಅವನು ಮಾಡಬೇಕಾಗಿದ್ದುದು ಬೇರೆ ರೀತಿ ಆಗಬಹುದೇ ಎಂಬ ವಿಚಾರ. ವೆನ್ ಚಿತ್ರದ ವೃತ್ತಗಳು ಈ ವಿಚಾರವನ್ನೇ ಕಣ್ಣಿಗೆ ಕಾಣಿಸುವ ಸಾಧನ. ಹೇಳಿಕೆಗಳಿಗೆ ತಕ್ಕಂತೆ ವೃತ್ತಗಳನ್ನು ಒಂದು ರೀತಿಯಲ್ಲಿ ಬರೆದು ತೀರ್ಮಾನ ಸರಿಹೊಂದಿತೆಂದು ತೃಪ್ತನಾಗುವವನು ಮೈತ್ರಿಯ ಮಕ್ಕಳನ್ನು ಎಣಿಸುತ್ತಿದ್ದಾನೆ. ಅವೇ ಹೇಳಿಕೆಗಳಿಗೆ ಒಪ್ಪುವಂತೆ, ಆದರೆ ತೀರ್ಮಾನ ಮುರಿಯುವಂತೆ ವೃತ್ತಗಳನ್ನು ಬರೆಯಲು ಹವಣಿಸಿ, ಸೋತ ಮೇಲೆ ಒಪ್ಪುವವನು ಕೃತ್ತಿಕೆಯನ್ನು ಕಂಡವನು.

ಜೈನರು ಈ ಹವಣಿಕೆಗೆ ಕೊಟ್ಟ ಹೆಸರು ತರ್ಕ, ಇನ್ನೊಂದು ಹೆಸರು ಊಹ. ಇದಿದ್ದರೆ ಅದು ಇರುತ್ತದೆ, ಅದಿಲ್ಲದಿದ್ದರೆ ಇದು ಇರುವುದೇ ಇಲ್ಲ ಎಂದು ಅವಿನಾಭಾವವನ್ನು ಹಿಡಿಯುವ ಜ್ಞಾನವದು. ನೈಯಾಯಿಕರಿಗೆ ತರ್ಕ ಪ್ರಮಾಣಗಳ ಸಹಾಯಕ ಮಾತ್ರ. ಅಕಲಂಕನಿಂದ ಮುಂದೆ ಜೈನರಿಗೆ ಅದು ಸ್ವತಂತ್ರವಾದ ಪರೋಕ್ಷ ಪ್ರಮಾಣ. ಮಾಣಿಕ್ಯನಂದಿಯ ಪರೀಕ್ಷಾಮುಖದ ಮೂರನೆಯ ಸಮುದ್ದೇಶದಲ್ಲಿ ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮಗಳು ಈ ಕ್ರಮದಲ್ಲಿ ಬರುತ್ತವೆ. ತರ್ಕ ಅನುಮಾನಕ್ಕಿಂತ ಮುಂಚೆ. ನೆಟ್ ಪಠ್ಯಕ್ರಮದ ಆರು ಪ್ರಮಾಣಗಳ ಪಟ್ಟಿ ಮೀಮಾಂಸಕರ ಮತ್ತು ವೇದಾಂತಿಗಳ ದಾರಿಯದಾದ್ದರಿಂದ ಅದರಲ್ಲಿ ತರ್ಕಕ್ಕೆ ಪ್ರಮಾಣದ ಸ್ಥಾನವಿಲ್ಲ. ಪಟ್ಟಿಯನ್ನು ಆಯ್ದವರ ಮೇಲೆ ದೂರೇನೂ ಇಲ್ಲ. ಆದರೆ ಆ ಘಟಕದ ಪ್ರತಿಯೊಂದು ಪ್ರಶ್ನೆಯನ್ನು ಬಿಡಿಸಲು ಯಾವ ಜ್ಞಾನ ಬೇಕೋ ಅದರ ಹೆಸರೇ ಪ್ರಮಾಣಪಟ್ಟಿಯಿಂದ ಹೊರಗುಳಿದಿರುವುದು ಗಮನಾರ್ಹ.

ಇಷ್ಟು ಹೇಳಿ, ಭಾರತೀಯ ಅನುಮಾನವೂ ಪರೀಕ್ಷೆಯ ನಿಗಮನವೂ ಒಂದೇ ಎಂದುಬಿಟ್ಟರೆ ಅದು ಇನ್ನೊಂದು ಹೇತ್ವಾಭಾಸ. ಪಂಚಾವಯವವನ್ನು ಮುಂದಿಟ್ಟು ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎನ್ನುವ ಬರಹಗಳಿಗೆ ಕೊರತೆಯಿಲ್ಲ; ಅವು ಸೂಕ್ಷ್ಮವನ್ನು ಮರೆಸುತ್ತವೆ. ಭೇದ ಸಣ್ಣದಲ್ಲ. ಪರೀಕ್ಷೆಯ ಸೂಚನೆಯ ಪ್ರಕಾರ ಹೇಳಿಕೆಗಳು ಲೋಕಾನುಭವಕ್ಕೆ ವಿರುದ್ಧವಾಗಿದ್ದರೂ ನಿಜವೆಂದೇ ಒಪ್ಪಿಕೊಳ್ಳಬೇಕು. ‘ಎಲ್ಲ ಶಿಲಾಶಾಸನಗಳೂ ತಾಳೆಗರಿಯ ಮೇಲಿವೆ, ತಾಳೆಗರಿಯ ಮೇಲಿರುವುದೆಲ್ಲವೂ ಗೆದ್ದಲಿನ ಪಾಲು, ಆದ್ದರಿಂದ ಎಲ್ಲ ಶಿಲಾಶಾಸನಗಳೂ ಗೆದ್ದಲಿನ ಪಾಲು’ ಎಂಬುದು ಪರೀಕ್ಷೆಯ ದೃಷ್ಟಿಯಿಂದ ನಿರ್ದುಷ್ಟ. ಶಾಸ್ತ್ರದ ಸಭೆಯಲ್ಲಿ ಇದು ಮೊದಲ ಮಾತಿಗೇ ಅಸಿದ್ಧವೆಂದು ಬೀಳುತ್ತದೆ. ಅನುಮಾನ ಅಲ್ಲಿ ಪ್ರಮಾಣ, ಲೋಕವನ್ನು ತಿಳಿಯುವ ದಾರಿ. ಅಸಿದ್ಧವಾದ ಹೇತುವಿನಿಂದ ಏನನ್ನೂ ತಿಳಿದಂತಾಗುವುದಿಲ್ಲ. ವಾದದ ಆಕಾರ ಸರಿಯಾಗಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಮೆಚ್ಚುವ ಪದ್ಧತಿ ಅಲ್ಲಿಲ್ಲ.

ಆದರೆ ಈ ಅಂತರವನ್ನು ದಾಟುವ ಒಂದು ಕಾಲುಸಂಕ ಮಾಣಿಕ್ಯನಂದಿಯಲ್ಲೇ ಇದೆ. ಪಕ್ಷವಾಗಿ ನಿಲ್ಲುವ ಧರ್ಮಿ ಪ್ರಮಾಣದಿಂದ ಸಿದ್ಧವಾಗಿರಬಹುದು, ವಿಕಲ್ಪದಿಂದ ಸಿದ್ಧವಾಗಿರಬಹುದು, ಎರಡರಿಂದಲೂ ಆಗಿರಬಹುದು ಎಂದು ಅವನು ಒಪ್ಪುತ್ತಾನೆ. ಸರ್ವಜ್ಞನಿದ್ದಾನೆ, ಕತ್ತೆಯ ಕೊಂಬು ಇಲ್ಲ ಎಂದು ಸಾಧಿಸುವಾಗ ಸರ್ವಜ್ಞನಾಗಲಿ ಕೊಂಬಾಗಲಿ ಮೊದಲೇ ಪ್ರಮಾಣದಿಂದ ಗೊತ್ತಾಗಿರುವುದಿಲ್ಲ. ವಿಚಾರಕ್ಕಾಗಿ ಬುದ್ಧಿಯಲ್ಲಿ ಇಟ್ಟುಕೊಂಡದ್ದು ಮಾತ್ರ. ವಾದಕ್ಕೋಸ್ಕರ ಒಂದನ್ನು ಹಿಡಿದು ಅದರಿಂದ ಏನು ಬರುತ್ತದೆಂದು ನೋಡುವ ಅವಕಾಶ ಹೀಗೆ ಶಾಸ್ತ್ರದೊಳಗೂ ಇದೆ. ಅದರ ವ್ಯಾಪ್ತಿ ಪರೀಕ್ಷೆಯ ‘ನಿಜವೆಂದು ಭಾವಿಸಿ’ ಎಂಬುದಕ್ಕಿಂತ ಬಹಳ ಕಿರಿದು. ಅಸ್ತಿತ್ವ ನಾಸ್ತಿತ್ವಗಳ ವಿಚಾರಕ್ಕೆ ಮಾತ್ರ ಮೀಸಲು. ವಿರೋಧಚೌಕದಲ್ಲಿ ‘ಎಲ್ಲ’ದಿಂದ ‘ಕೆಲವು’ ಇಳಿಯುತ್ತದೆಯೇ ಎಂಬ ಹಳೆಯ ತಗಾದೆಗೂ ಇಲ್ಲಿ ನೆಂಟು ಇದೆ. ಸಾಂಪ್ರದಾಯಿಕ ಚೌಕದಲ್ಲಿ ಇಳಿಯುತ್ತದೆ, ಆಧುನಿಕ ತರ್ಕದಲ್ಲಿ ಆ ವರ್ಗದಲ್ಲಿ ಒಂದಾದರೂ ವಸ್ತುವಿದೆಯೆಂದು ಬೇರೆಯಾಗಿ ಹೇಳದೆ ಇಳಿಯುವುದಿಲ್ಲ. ಆಶ್ರಯಾಸಿದ್ಧವನ್ನು ದೋಷವೆಂದು ಎಣಿಸಿದವರು ಚರ್ಚಿಸಿದ್ದೂ ಇಂಥದೇ ತೊಡಕನ್ನು.

ಹೇಳಿಕೆಯನ್ನೇ ಬೇರೆ ಮಾತಿನಲ್ಲಿ ಹೇಳುವ ಆಯ್ಕೆಯಲ್ಲೂ ಇಂಥ ಭೇದವಿದೆ. ಒಂದು ಊರಿನಲ್ಲಿ ದೊರೆತ ಹತ್ತು ದಾನಶಾಸನಗಳ ಪೈಕಿ ಏಳರಲ್ಲಿ ದಾನಿಗಳು ಸ್ತ್ರೀಯರು ಎಂಬ ಕಲ್ಪಿತ ಭಾಗವನ್ನು ಕೊಟ್ಟು, ಅದರಿಂದ ಫಲಿಸುವುದೇನು ಎಂದು ಕೇಳಿದೆ ಎನ್ನೋಣ. ಆ ಊರಿನ ಸ್ತ್ರೀಯರು ಪುರುಷರಿಗಿಂತ ಧನಿಕರಾಗಿದ್ದರು. ಆ ಕಾಲದಲ್ಲಿ ನಾಡಿನಾದ್ಯಂತ ಸ್ತ್ರೀಯರಿಗೆ ಆಸ್ತಿಯ ಹಕ್ಕಿತ್ತು. ದೊರೆತ ಶಾಸನಗಳಲ್ಲಿ ಕೆಲವಾದರೂ ಸ್ತ್ರೀಯರ ದಾನವನ್ನು ದಾಖಲಿಸಿವೆ. ಸಂಶೋಧನೆಯ ಹುಮ್ಮಸ್ಸಿನವರಿಗೆ ಎರಡನೆಯದು ಪ್ರಿಯ, ಮೂರನೆಯದು ಸಪ್ಪೆ. ‘ಇದನ್ನು ಹೇಳಿಕೆಯೇ ಹೇಳಿದೆಯಲ್ಲ’ ಎಂದು ಅದನ್ನು ಬಿಟ್ಟುಬಿಡುತ್ತಾರೆ. ಸಿದ್ಧವಾದುದನ್ನೇ ಸಾಧಿಸಲು ಹೊರಟ ಹೇತುವನ್ನು ಜೈನರು ಅಕಿಂಚಿತ್ಕರವೆಂದು ತಳ್ಳಿಹಾಕಿದ್ದುಂಟು. ಆ ಸಂಸ್ಕಾರ ಶಾಸ್ತ್ರದಲ್ಲಿ ಭೂಷಣ, ಪರೀಕ್ಷೆಯಲ್ಲಿ ಎರಡು ಅಂಕಗಳ ನಷ್ಟ. ಪರೀಕ್ಷೆ ಹೊಸತನ್ನು ಕೇಳುವುದಿಲ್ಲ, ತಪ್ಪಲಾರದುದನ್ನು ಕೇಳುತ್ತದೆ. ಇಲ್ಲಿ ತಪ್ಪಲಾರದ್ದು ಮೂರನೆಯದೊಂದೇ.

ಎರಡು ಅಂಕ ಹೋದರೆ ಮುಂದಿನ ಬಾರಿ ಗಳಿಸಬಹುದು. ಅದೇ ಅಭ್ಯಾಸ ಸಾಹಿತ್ಯಚರಿತ್ರೆಗೆ ಬಂದಾಗ ನಷ್ಟವನ್ನು ತುಂಬಲು ತಲೆಮಾರುಗಳು ಬೇಕಾಗುತ್ತವೆ. ಅನ್ಯಥಾನುಪಪತ್ತಿಯನ್ನು ಬೋಧಿಸಿದ ಪಾತ್ರಕೇಸರಿಯ ವಿಷಯದಲ್ಲೇ ಈ ತಪ್ಪು ನಡೆದುಹೋದದ್ದು ಒಂದು ವಿಪರ್ಯಾಸ. ತೀರ ಈಚಿನ ಕಾಲದ ಗ್ರಂಥವೊಂದರಲ್ಲಿ ವಿದ್ಯಾನಂದನಿಗೆ ಪಾತ್ರಕೇಸರಿ ಎಂಬ ಹೆಸರೂ ಇತ್ತೆಂಬ ಮಾತನ್ನು ಕಂಡು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವು ವಿದ್ವಾಂಸರು ಇಬ್ಬರನ್ನೂ ಒಬ್ಬನೆಂದೇ ತಿಳಿದರು. ಒಂದೇ ಹೆಸರು ಇಬ್ಬರಿಗೆ ಇರಬಹುದಾದ್ದರಿಂದ ಇದು ಮೈತ್ರೀತನಯನ ಜಾತಿಗೆ ಸೇರಿದ ಹೇತು. ಜುಗಲ್‌ಕಿಶೋರ್ ಮುಖ್ತಾರರು ಇದನ್ನು ತಿದ್ದಿ ಇಬ್ಬರನ್ನೂ ಬೇರ್ಪಡಿಸಿದರು. ಇಲ್ಲಿ ತಿದ್ದುವವರಿಗೂ ಒಂದು ಎಚ್ಚರ ಬೇಕು. ಪಾತ್ರಸ್ವಾಮಿಯ ಕಾರಿಕೆಯನ್ನು ಅಕಲಂಕ ತನ್ನ ಗ್ರಂಥದಲ್ಲಿ ಸೇರಿಸಿಕೊಂಡಿದ್ದಾನೆ. ಅಕಲಂಕನ ಅಷ್ಟಶತಿಯನ್ನು ಒಳಗೊಂಡು ವಿದ್ಯಾನಂದ ಅಷ್ಟಸಹಸ್ರಿಯನ್ನು ಬರೆದಿದ್ದಾನೆ. ಈ ಎರಡು ಸಂಗತಿಗಳಿಂದಲೇ ಪಾತ್ರಸ್ವಾಮಿಯೂ ವಿದ್ಯಾನಂದನೂ ಬೇರೆ ಎಂಬುದು ಕಟ್ಟುನಿಟ್ಟಾಗಿ ಹೊರಡುತ್ತದೆಯೇ? ಹೊರಡುವುದಿಲ್ಲ. ದೀರ್ಘಾಯುವಾದ ಒಬ್ಬನೇ ವ್ಯಕ್ತಿ ಮೊದಲು ಕಾರಿಕೆಯನ್ನು ಬರೆದು, ಅದನ್ನು ಬಳಸಿದ ಅಕಲಂಕನ ಇನ್ನೊಂದು ಕೃತಿಗೆ ಆಮೇಲೆ ವ್ಯಾಖ್ಯಾನ ಬರೆದನೆಂದರೆ ವಿರೋಧವಿಲ್ಲ. ಎಂಟನೆಯ ಶತಮಾನದ ಬೌದ್ಧ ಶಾಂತರಕ್ಷಿತನ ತತ್ತ್ವಸಂಗ್ರಹ ಈ ಮತವನ್ನು ಎತ್ತಿ ಖಂಡಿಸುತ್ತದೆ, ಟೀಕಾಕಾರ ಕಮಲಶೀಲ ಅದು ಪಾತ್ರಸ್ವಾಮಿಯದೆಂದು ಹೆಸರಿಸುತ್ತಾನೆ. ಇದರಿಂದ ತಪ್ಪದೆ ಬರುವುದು ಪಾತ್ರಸ್ವಾಮಿ ಅವರಿಗಿಂತ ಈಚಿನವನಲ್ಲ ಎಂಬಷ್ಟೇ. ಇಂಥ ಒಂದೊಂದು ಎಳೆಯನ್ನೂ ಅದರ ಮಿತಿಯಲ್ಲೇ ಹಿಡಿದು ಹಲವು ಎಳೆಗಳನ್ನು ಹೊಸೆದಾಗ ಮಾತ್ರ ಇಬ್ಬರೂ ಬೇರೆ ಎಂಬ ನಿರ್ಣಯಕ್ಕೆ ಬಲ ಬರುತ್ತದೆ.

ಕವಿರಾಜಮಾರ್ಗದ ಕರ್ತೃತ್ವದ ಚರ್ಚೆಯನ್ನು ಕನ್ನಡದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಗ್ರಂಥ ನೃಪತುಂಗನ ‘ಅನುಮತ’ವೆಂದು ತನ್ನನ್ನು ಹೇಳಿಕೊಳ್ಳುತ್ತದೆ. ಅನುಮತವೆಂದರೆ ಅವನು ಒಪ್ಪಿದ್ದು. ಆದ್ದರಿಂದ ಅವನು ಬರೆದದ್ದಲ್ಲ, ಶ್ರೀವಿಜಯನದು ಎಂದು ಒಂದು ಪಕ್ಷ. ರಾಜನ ಹೆಸರೇ ಮುದ್ರೆಯಾಗಿರುವುದರಿಂದ ಅವನದೇ ಎಂದು ಇನ್ನೊಂದು ಪಕ್ಷ. ಆ ಒಂದೇ ಶಬ್ದವನ್ನು ಹೇತುವಾಗಿಟ್ಟರೆ ಎರಡೂ ಅನೈಕಾಂತಿಕ. ರಾಜನ ಮತವನ್ನು ಇನ್ನೊಬ್ಬ ಬರೆದಿರಬಹುದು. ತನ್ನ ಮತವನ್ನು ರಾಜನೇ ಪ್ರಥಮಪುರುಷದಲ್ಲಿ ಹೇಳಿರಲೂಬಹುದು. ಶ್ರೀವಿಜಯನ ಪಕ್ಷಕ್ಕೆ ಇಂದು ಹೆಚ್ಚಿನ ಮನ್ನಣೆಯಿದ್ದರೆ ಅದು ಬೇರೆ ಆಧಾರಗಳ ಒಟ್ಟು ಬಲದಿಂದ. ಪಾಠದ ಟಿಪ್ಪಣಿಗಳಲ್ಲಿ ಆ ಬಲವೆಲ್ಲ ‘ಅನುಮತ’ವೆಂಬ ಒಂದು ಪದದ ಮೇಲೆ ಬಂದು ಕೂತಿರುತ್ತದೆ. ಅದೇ ಗ್ರಂಥ ಹೆಸರಿಸುವ ದುರ್ವಿನೀತನನ್ನು ಗಂಗದೊರೆಯೇ ಎಂದು ನಿಸ್ಸಂಶಯವಾಗಿ ಬರೆಯುವಾಗಲೂ ಹೆಸರಿನ ಹೊಂದಿಕೆಯೇ ಹೇತು. ಹಾಗಿರುವ ಸಂಭವ ದೊಡ್ಡದು. ಸಂಭವ ದೊಡ್ಡದಾಗಿದೆ ಎಂದು ಬರೆಯುವುದಕ್ಕೂ ಸಿದ್ಧವಾಗಿದೆ ಎಂದು ಬರೆಯುವುದಕ್ಕೂ ಎಷ್ಟು ಅಂತರವಿದೆಯೋ ಸಂಶೋಧನೆಗೂ ಪ್ರಚಾರಕ್ಕೂ ಅಷ್ಟೇ ಅಂತರವಿದೆ.

ಇಲ್ಲದಿರುವಿಕೆಯಿಂದ ಊಹಿಸುವಲ್ಲಿ ಜಾರುವುದು ಇನ್ನೂ ಸುಲಭ. ಈ ನೆಲದ ಮೇಲೆ ಕೊಡವಿಲ್ಲ, ಏಕೆಂದರೆ ಕಾಣುತ್ತಿಲ್ಲ ಎಂಬುದು ಸರಿಯಾದ ಅನುಮಾನ. ಆದರೆ ಕೊಡ ಇದ್ದಿದ್ದರೆ ಕಾಣಲೇಬೇಕಾದ ಸನ್ನಿವೇಶ, ಅಂದರೆ ಬೆಳಕು, ಕಣ್ಣು, ಸಾಮೀಪ್ಯ, ಎಲ್ಲ ಅಲ್ಲಿರಬೇಕು. ಪಿಶಾಚಿ ಕಾಣದ್ದರಿಂದ ಪಿಶಾಚಿ ಇಲ್ಲವೆಂದು ಸಾಧಿಸಲಾಗದು, ಅದು ಕಾಣುವ ಜಾತಿಯದೇ ಅಲ್ಲ. ತಾಳೆಗರಿಯ ಕೃತಿ ಸಾವಿರ ವರ್ಷಗಳಲ್ಲಿ ಈ ಎರಡನೆಯ ಜಾತಿಗೆ ಸೇರಿಬಿಡುತ್ತದೆ. ಒಂದನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ ಪೂರ್ತಿಯಾಗಿ ಸಿಕ್ಕಿಲ್ಲ. ಈಚಿನವರು ಎತ್ತಿಕೊಂಡ ಪದ್ಯಗಳಿಲ್ಲದಿದ್ದರೆ ಅವು ಇದ್ದವೆಂದೇ ತಿಳಿಯುತ್ತಿರಲಿಲ್ಲ. ಕವಿರಾಜಮಾರ್ಗಕ್ಕಿಂತ ಹಿಂದಿನ ಕೃತಿ ದೊರೆತಿಲ್ಲವಾದ್ದರಿಂದ ಹಿಂದೆ ಕಾವ್ಯವಿರಲಿಲ್ಲ ಎನ್ನುವುದು ಅನುಪಲಬ್ಧಿಯ ದುರುಪಯೋಗ. ದೊರೆತಿಲ್ಲವಾದರೂ ಮಹಾಕಾವ್ಯಗಳ ರಾಶಿಯೇ ಇತ್ತು ಎನ್ನುವುದೂ ಅಷ್ಟೇ. ಗ್ರಂಥ ಕೆಲವು ಗದ್ಯಕಾರರನ್ನೂ ಪದ್ಯಕಾರರನ್ನೂ ಹೆಸರಿಸುತ್ತದೆ. ಅದರಿಂದ ಅಂಥ ಬರಹಗಾರರು ಆಗ ಪ್ರಸಿದ್ಧರಾಗಿದ್ದರು ಎಂಬುದು ಹೊರಡುತ್ತದೆ. ಅವರ ಕೃತಿಗಳ ಗಾತ್ರ ಗುಣಗಳು ಹೊರಡುವುದಿಲ್ಲ.

ಜೈನ ತರ್ಕವನ್ನು ಈ ಪ್ರಸಂಗದಲ್ಲಿ ಎತ್ತಿದೊಡನೆ ಬರುವ ಒಂದು ಆಕ್ಷೇಪವಿದೆ. ಎಲ್ಲವನ್ನೂ ‘ಸ್ಯಾತ್’ ಎನ್ನುವವರು, ಎಲ್ಲ ಪಕ್ಷಗಳನ್ನೂ ಒಪ್ಪುವವರು, ‘ಹೀಗೆಯೇ’ ಎಂಬ ಕಟ್ಟುನಿಟ್ಟಿನ ಪರೀಕ್ಷೆಗೆ ಹೇಗೆ ದಾರಿ ತೋರಿಸಿಯಾರು? ಸ್ಯಾದ್ವಾದವನ್ನು ‘ಇರಬಹುದು, ಇಲ್ಲದಿರಬಹುದು’ ಎಂಬ ಹೊಯ್ದಾಟವೆಂದು ತಿಳಿದವರ ಪ್ರಶ್ನೆ ಇದು. ‘ಸ್ಯಾತ್’ ಸಂಶಯವಾಚಿಯಲ್ಲ, ಯಾವ ಅಪೇಕ್ಷೆಯಿಂದ ಹೇಳುತ್ತಿದೆ ಎಂಬುದರ ಸೂಚಕ. ಆ ಅಪೇಕ್ಷೆಯೊಳಗೆ ಹೇಳಿಕೆ ನಿಶ್ಚಿತವೇ. ಅದಕ್ಕಾಗಿಯೇ ಪ್ರತಿ ಭಂಗದಲ್ಲೂ ‘ಸ್ಯಾತ್’ ಜೊತೆಗೆ ‘ಏವ’ಕಾರವೂ ಇರುವುದು. ಪರೀಕ್ಷೆಯ ‘ಕೊಟ್ಟಿರುವ ಹೇಳಿಕೆಗಳ ಆಧಾರದ ಮೇಲೆ ಮಾತ್ರ’ ಎಂಬ ಸೂಚನೆ ಇಂಥ ಒಂದು ಅಪೇಕ್ಷೆಯನ್ನೇ ಕಟ್ಟಿಕೊಡುತ್ತದೆ. ಆ ಹೇಳಿಕೆಗಳ ಅಪೇಕ್ಷೆಯಿಂದ ‘ಕೆಲವು ಬಸದಿಗಳು ಹೊಯ್ಸಳರ ಕಾಲದವು’ ಎಂಬುದು ಅಸಿದ್ಧ. ಶಿಲ್ಪೇತಿಹಾಸದ ಅಪೇಕ್ಷೆಯಿಂದ ಸಿದ್ಧ. ಎರಡು ಮಾತೂ ನಿಶ್ಚಿತವಾದವು, ಎರಡಕ್ಕೂ ಜಗಳವಿಲ್ಲ. ‘ನಿರ್ಧರಿಸಲಾಗದು’ ಎಂಬ ಆಯ್ಕೆಯೂ ಅನೇಕರು ತಿಳಿದಂತೆ ಸೋಲಿನ ಒಪ್ಪಿಗೆಯಲ್ಲ. ತೀರ್ಮಾನ ನಿಜವಾಗುವ ಚಿತ್ರವೊಂದನ್ನೂ ಸುಳ್ಳಾಗುವ ಚಿತ್ರವೊಂದನ್ನೂ ಬರೆದು ತೋರಿಸಿದ ಮೇಲೆ ಕೊಡಬಹುದಾದ ಉತ್ತರವದು. ಎರಡನ್ನೂ ಬರೆಯದೆ ಅದನ್ನು ಆರಿಸುವವನು ಊಹೆಯಿಂದ ಗುರುತು ಹಾಕಿದಂತೆಯೇ.

ತರಗತಿಯಲ್ಲಿ ಇದನ್ನು ಕಲಿಸುವುದು ಕಷ್ಟವೇನಲ್ಲ. ಪಂಚಾವಯವಗಳನ್ನು ಒಪ್ಪಿಸುವ ಮೊದಲು ಅವುಗಳಲ್ಲಿ ಯಾವುದು ಏಕೆ ಬೇಕು ಎಂದು ಕೇಳಿದರೆ ಸಾಕು. ದಶವೈಕಾಲಿಕ ನಿರ್ಯುಕ್ತಿಯಲ್ಲಿ ಹತ್ತು ಅವಯವಗಳ ವಾಕ್ಯವೂ ಇದೆ. ಮಾಣಿಕ್ಯನಂದಿ ಎರಡಕ್ಕೇ ನಿಲ್ಲುತ್ತಾನೆ: ಪಕ್ಷ ಮತ್ತು ಹೇತು. ಉದಾಹರಣೆ ಅನುಮಾನದ ಅಂಗವಲ್ಲ. ಅದು ವ್ಯಾಪ್ತಿಯನ್ನು ಸ್ಥಾಪಿಸಲಾರದು, ಏಕೆಂದರೆ ಉದಾಹರಣೆ ಒಂದು ವ್ಯಕ್ತಿ, ವ್ಯಾಪ್ತಿ ಎಲ್ಲವನ್ನೂ ಕುರಿತದ್ದು. ಒಂದರ ಬಗ್ಗೆ ಸಂಶಯ ಬಂದರೆ ಇನ್ನೊಂದು ಉದಾಹರಣೆ ಬೇಕಾಗಿ ಅನವಸ್ಥೆಯಾಗುತ್ತದೆ. ಕಲಿಯುವ ಮಕ್ಕಳ ತಿಳಿವಳಿಕೆಗಾಗಿ ಶಾಸ್ತ್ರದಲ್ಲಿ ಉಳಿದ ಅವಯವಗಳಿರಲಿ, ವಾದದಲ್ಲಿ ಅವುಗಳಿಗೆ ಉಪಯೋಗವಿಲ್ಲ ಎಂದು ಅವನ ನಿಲುವು. ಈ ನಿಲುವನ್ನು ನೈಯಾಯಿಕರು ಒಪ್ಪಲಿಲ್ಲ. ಲೋಕದ ಪ್ರಮಾಣವಾಗಿ ಅನುಮಾನವನ್ನು ಕಂಡವರಿಗೆ ದೃಷ್ಟಾಂತವೇ ನೆಲಗಟ್ಟಾದ್ದರಿಂದ ಅವರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ನಾಲ್ಕು ಆಯ್ಕೆಗಳ ಮುಂದೆ ಕುಳಿತವನಿಗೆ ಮಾತ್ರ ಮಾಣಿಕ್ಯನಂದಿಯ ಎರಡು ಅವಯವಗಳೇ ಸಾಕು. ಹಳೆಬೀಡಿನ ಬಸದಿ ಅವನ ನೆನಪಿನಲ್ಲಿ ಎಷ್ಟೇ ಚೆಲುವಾಗಿ ನಿಂತಿದ್ದರೂ ಆ ಹೊತ್ತಿಗೆ ಅದು ಒಂದು ಉದಾಹರಣೆ ಮಾತ್ರ.